ಮಾಲೀಶಮ್ಮನ ಮಂಚ

ಇದು ನಡೆದ ಕಥೆ. ನಂಬದವರು ಮೂಳೆ ಡಾಕ್ಟರನ ಕುತ್ತಿಗೆಯನ್ನೇ ಕೇಳಬಹುದು.

ಆ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಏಳು ನಿಮಿಷ, ಅದರಲ್ಲಿ ಐದು ಕಂಪ್ಯೂಟರಿನ ಪಾಲು. ಬೆನ್ನು ಹಿಡಿದುಕೊಂಡು ಬಂದವರನ್ನು ಮಂಚದ ಮೇಲೆ ಮಲಗಿಸಿ, ಬೆರಳಿನಿಂದಲೇ ಬಿಗಿ ಹುಡುಕಿ ಸಡಿಲಿಸುತ್ತಿದ್ದವಳು ಡಾಕ್ಟರಮ್ಮ ಒಬ್ಬಳೇ. ಉಳಿದ ಡಾಕ್ಟರುಗಳು ಓದುವಾಗ ಕಲಿತದ್ದನ್ನು ಎಂದೋ ಮರೆತಿದ್ದರು. ಮರೆತವರಿಗೆ ಮಾಡುವವರನ್ನು ಕಂಡರೆ ಮೈಯೆಲ್ಲ ಉರಿ.

ಅವಳಿಗೆ "ಮಾಲೀಶಮ್ಮ" ಎಂದು ಹೆಸರಿಟ್ಟವನು ಮೂಳೆ ಡಾಕ್ಟರ. "ಈ ಮಂಚದಿಂದ ರೋಗಿಗಳ ಸಾಲು ಬೆಳೆಯುತ್ತಿದೆ, ತೆಗೆಸಿ" ಎಂದು ಅರ್ಜಿ ಬರೆದವನೂ ಅವನೇ. ಆಸ್ಪತ್ರೆಯ ಮೇಲಧಿಕಾರಿಯ ಅಪ್ಪಣೆಯಾಗಿತ್ತು: ಸೋಮವಾರ ಮೂರು ಗಂಟೆಗೆ ಮಂಚ ಗೋದಾಮಿಗೆ. ಮಂಚ ಹೋದರೆ ಅವಳ ಕೈ ಕಟ್ಟಿಹಾಕಿದಂತೆಯೇ.

ಸೋಮವಾರ ಊಟ ಮುಗಿಸಿ ಮೆಟ್ಟಿಲು ಹತ್ತುವಾಗ ಫೋನ್ ಬಂತು. ಮೇಲಧಿಕಾರಿಯದೇ ದನಿ, ಅದೇ ಕೆಮ್ಮು. "ನೋಡಮ್ಮಾ, ನಮ್ಮತ್ತೆಗೆ ಸೊಂಟ ಹಿಡ್ಕೊಂಡಿದೆ. ನಿನ್ನ ರೂಮಲ್ಲೇ ಮಲಗಿಸಿದೀನಿ. ಎಬ್ಬಿಸಿ ಕೂರಿಸಿದ್ರೆ ಮಂಚ ನಿಂದೇ."

ಅವಳು ಓಡಿದಳು. ಹೊದಿಕೆಯ ಮೇಲೆ ಕೈಯಿಟ್ಟು, "ಎಲ್ಲಮ್ಮಾ ನೋವು?" ಎಂದಳು. ಹೊದಿಕೆ ಸರಿಸಿದರೆ ಪಾಠದ ಕೋಣೆಯ ಅಸ್ಥಿಪಂಜರ!

ಬಾಗಿಲಲ್ಲಿ ಮೂಳೆ ಡಾಕ್ಟರ, ಹಿಂದೆ ಇಬ್ಬರು ಕಿರಿಯ ಡಾಕ್ಟರುಗಳು. "ಚೆನ್ನಾಗಿ ಮಾಲೀಶು ಮಾಡಮ್ಮಾ, ನಮ್ಮತ್ತೆ ಸ್ವಲ್ಪ ಸೊರಗಿದಾರೆ!" ಎಂದು ಮೇಲಧಿಕಾರಿಯ ದನಿಯಲ್ಲೇ ಕೂಗಿ, ತಲೆ ಹಿಂದಕ್ಕೆಸೆದು ನಕ್ಕ. ನಗು ಅರ್ಧಕ್ಕೆ ನಿಂತಿತು. ತಲೆ ಹಿಂದೆಯೇ ಉಳಿಯಿತು.

"ಅಯ್ಯೋ, ಕುತ್ತಿಗೆ! ಹಿಡಿದು ನೋಡ್ರೋ!"

ಕಿರಿಯರು ಕೈ ಜೇಬಿಗೆ ಸೇರಿಸಿದರು. "ಅದೆಲ್ಲ ಮರ್ತೋಗಿದೆ ಸರ್. ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆ ಮೇಲೆ ಬರುತ್ತೆ."

ಡಾಕ್ಟರಮ್ಮ ಅಸ್ಥಿಪಂಜರವನ್ನು ಕುರ್ಚಿಯಲ್ಲಿ ಕೂರಿಸಿ, ಅವನನ್ನು ಮಲಗಿಸಿದಳು. ಕುತ್ತಿಗೆಯ ಬುಡದಲ್ಲಿ ಬೆರಳಿಗೆ ಗಂಟು ಸಿಕ್ಕಿತು. ಅಷ್ಟರಲ್ಲಿ ಗೋದಾಮಿನ ಆಳುಗಳು ಬಂದರು. "ಮಂಚ ಒಯ್ಯೋಕೆ ಬಂದಿದೀವಿ. ಈ ಸರ್ ಕೊಟ್ಟ ಅರ್ಜಿನೇ."

ಅವಳು ಕೈ ತೆಗೆದಳು. "ಒಯ್ಯಿರಪ್ಪ. ಏಳು ನಿಮಿಷಾನೂ ಆಯ್ತು."

"ಕೈ ತೆಗೀಬೇಡಿ ಮೇಡಂ! ಲೇ, ಮಂಚ ಮುಟ್ಟಿದ್ರೆ ಜೋಕೆ!"

"ಬಾಯಿಮಾತು ಸಾಲಲ್ಲ ಸರ್. ಬರ್ದು ಕೊಡಿ," ಎಂದ ಆಳುಗಳಲ್ಲೊಬ್ಬ.

ಅವನು ಛಾವಣಿ ನೋಡುತ್ತಲೇ, ಎದೆಯ ಮೇಲಿಟ್ಟ ಔಷಧಿ ಚೀಟಿಯಲ್ಲಿ ಅರ್ಜಿ ಹಿಂದಕ್ಕೆ ಪಡೆದಿದ್ದೇನೆ ಎಂದು ಬರೆದ. ಅವಳು ಅದನ್ನು ಎರಡೆರಡು ಸಲ ಓದಿ, ಅಸ್ಥಿಪಂಜರದತ್ತ ತಿರುಗಿ, "ಅತ್ತೆಮ್ಮಾ, ಸಾಕ್ಷಿಗೆ ನೀವೇ!" ಎಂದಳು. ಆಳುಗಳು ನಕ್ಕರು, ಕಿರಿಯರೂ ನಕ್ಕರು. ಎಲ್ಲರನ್ನೂ ಮೀರಿಸಿ, ಹೊರಗಿನ ಸಾಲು ಇಣುಕುವಷ್ಟು ಜೋರಾಗಿ ನಕ್ಕವಳು ಡಾಕ್ಟರಮ್ಮ. ಅವಳ ಬೆರಳುಗಳು ಮಾತ್ರ ಇನ್ನೂ ಅವನ ಕುತ್ತಿಗೆಗೆ ಮರಳಿರಲಿಲ್ಲ.