ಕರೆದರೆ ಬರುವ ಬಸ್ಸು

ಶುಕ್ರವಾರ ಬಸ್ಸು ಬರಲಿಲ್ಲ. ಸರೋವರದ ದಂಡೆಯ ನಿಲ್ದಾಣದಲ್ಲಿ ಹಿಲ್ಕ ಹಲಗೆಯನ್ನು ಮತ್ತೆ ಮತ್ತೆ ಓದಿದಳು. ಮಂಗಳವಾರ, ಶುಕ್ರವಾರ ಎಂದು ಬರೆದಿದೆ, ಹೊತ್ತು ಬರೆದಿದೆ, ಬಸ್ಸೇ ಇಲ್ಲ. ಲಕ್ವ ಹೊಡೆದ ಗಂಡ, ಓಯ್ವ, ಪೇಟೆಯ ಆಸ್ಪತ್ರೆಯಲ್ಲಿದ್ದ. ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ಅವನೊಬ್ಬನಿಗೇ. ಇವತ್ತು ಬರುತ್ತೇನೆಂದು ಹಿಲ್ಕ ಮಾತು ಕೊಟ್ಟಿದ್ದಳು. ಹಿಮದಲ್ಲಿ ಕಾಲು ಮರಗಟ್ಟಿದ ಮೇಲೆ ಪಕ್ಕದ ಮನೆಯ ಸೈಮಿಯ ಬಾಗಿಲು ತಟ್ಟಿದಳು.

ಸೈಮಿ ಕಾಫಿ, ಏಲಕ್ಕಿ ಬನ್ನು ಮುಂದಿಟ್ಟು ಕೇಳಿದಳು: "ಫೋನ್ ಮಾಡಿದ್ಯಾ?"

"ಯಾರಿಗೆ?"

"ಬಸ್ಸಿಗೆ."

"ಬಸ್ಸಿಗೆ ಯಾರಾದ್ರೂ ಫೋನ್ ಮಾಡ್ತಾರೇನೇ! ತಲೆ ಸರಿಗಿದ್ಯಾ ನಿಂಗೆ?"

"ಈಗ ಹಂಗೇ ಕಣೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಕರೀಬೇಕು. ಕರೆದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ಲ."

"ಮತ್ತೆ ಹಲಗೆ ಮೇಲೆ ಹೊತ್ತು ಯಾಕೆ?"

"ಬಂದ್ರೆ ಆ ಹೊತ್ತಿಗೆ ಬರುತ್ತೆ ಅಂತ."

ಹಿಲ್ಕಳಿಗೆ ತಲೆಬುಡ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಮೊದಲ ಸಲ ನನಗೂ ತಿಳಿದಿರಲಿಲ್ಲ.

"ನನ್ನೊಬ್ಬಳಿಗೆ ಬಸ್ಸಾ? ನಾನೇನು ಮಹಾರಾಣಿನಾ? ಜನ ಏನಂದಾರು!"

ಇದು ನಮ್ಮ ಹಳೇ ಕಾಯಿಲೆ. ಹಿಮದ ಗುಂಡಿಗೆ ಬಿದ್ದರೂ 'ನಿಮ್ಮ ಕೆಲಸ ಮುಗೀಲಿ, ಆಮೇಲೆ ಎತ್ತಿ' ಎನ್ನುವ ಜನ ನಾವು, ಫಿನ್ಲೆಂಡಿನವರು.

"ಅಷ್ಟೆಲ್ಲ ಗೊತ್ತಿದ್ದೂ ನೀನ್ಯಾಕೆ ಪೇಟೆ ಡಾಕ್ಟರ ಹತ್ರ ಹೋಗದೆ ಹಲ್ಲುನೋವು ಇಟ್ಕೊಂಡು ಕೂತಿದೀಯ?" ಎಂದಳು ಹಿಲ್ಕ.

ಸೈಮಿ ದವಡೆ ಹಿಡಿದುಕೊಂಡಳು. "ಬೇರೆ ಯಾರಾದ್ರೂ ಕರೀತಾರೇನೋ ಅಂತ ಕಾಯ್ತಿದ್ದೆ."

ಸೋಮವಾರ ಹಿಲ್ಕ ಕರೆದೇಬಿಟ್ಟಳು. 'ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ' ಎಂದೇ ಮಾತು ಶುರು ಮಾಡಿದಳು, ಅದನ್ನೇ ಹೇಳಿ ಮುಗಿಸಿದಳು.

ಮಂಗಳವಾರ ಬಸ್ಸು ಬಂತು. ಸೈಮಿಯೂ ಹತ್ತಿದಳು. ಹಿಲ್ಕ ನಾಚಿಕೆಯಿಂದ ಹಿಂದಿನ ಸೀಟಿನಲ್ಲಿ ಮುದುಡಿ ಕುಳಿತಳು. ಮರದ ಮಿಲ್ಲಿನ ತಿರುವಿನಲ್ಲಿ ಆ ಕಡೆಯ ಉರ್ಪೊ ಎಂಬವನು ಕೈ ಅಡ್ಡ ಹಾಕಿ ಬಸ್ಸು ಹತ್ತಿದ.

"ವಾರವಾರ ಬಂದು ನೋಡ್ತಿದ್ದೆ," ಎಂದ, "ಯಾರಾದ್ರೂ ಕರೆದಿರ್ತಾರೇನೋ ಅಂತ."

ಮುಂದಿನ ಊರಿನಲ್ಲಿ ಇನ್ನಿಬ್ಬರು ಹತ್ತಿದರು. ಅವರದೂ ಅದೇ ಮಾತು.

"ಚೆನ್ನಾಗಿದೆ ನಿಮ್ ಸಂಕೋಚ!" ಎಂದ ಡ್ರೈವರ್. "ಈ ದಾರೀಲಿ ಯಾರಿಗೂ ಬಸ್ಸು ಬೇಡ ಅಂತ ಇದನ್ನ ನಿಲ್ಲಿಸೋರಿದ್ರು."



ಆಸ್ಪತ್ರೆಯಲ್ಲಿ ಓಯ್ವ ಟೋಪಿ ಹಾಕಿಕೊಂಡು ಕಿಟಕಿಯ ಬಳಿ ಕುಳಿತಿದ್ದ. ಹೆಂಡತಿ ಬರುತ್ತಾಳೆಂದು ಶುಕ್ರವಾರ ಹಾಕಿಕೊಂಡ ಟೋಪಿಯನ್ನು ಇನ್ನೂ ತೆಗೆಯಲು ಬಿಟ್ಟಿಲ್ಲವೆಂದು ನರ್ಸ್ ಹೇಳಿದಳು.

"ಯಾಕೆ... ಬರ್ಲಿಲ್ಲ?" ಎಂದ, ತೊದಲುತ್ತ.

"ಕರೆದಿರ್ಲಿಲ್ಲ ಕಣ್ರೀ."

"ಯಾರನ್ನ?"

"ಬಸ್ಸನ್ನ."

ಕಾಯಿಲೆ ತನಗೋ ಇವಳಿಗೋ ಎಂಬಂತೆ ಓಯ್ವ ಹೆಂಡತಿಯ ಮುಖ ನೋಡಿದ. ಆಮೇಲೆ ಅವಳ ಕೈ ಹಿಡಿದುಕೊಂಡ.

ನಿಮ್ಮೂರಿಗೂ ಇಂಥ ಬಸ್ಸಿದ್ದರೆ ಪಕ್ಕದ ಮನೆಯವರ ದಾರಿ ಕಾಯಬೇಡಿ. ಹಿಂದಿನ ದಿನವೇ ಫೋನ್ ಮಾಡಿ. ನೀವೊಬ್ಬರೇ ಆದರೂ ಮಾಡಿ. ಎಲ್ಲೋ ಒಂದು ಕಿಟಕಿಯ ಬಳಿ ಯಾರೋ ಟೋಪಿ ಹಾಕಿಕೊಂಡು ಕುಳಿತಿರುತ್ತಾರೆ.