ಅರ್ಧ ಮರದಲ್ಲಿ

ನಾನು ತೆಂಗಿನ ಮರ ಹತ್ತುವ ಯಂತ್ರ. ಯಂತ್ರ ಎಂದ ಕೂಡಲೇ ಮೋಟಾರು, ಹೊಗೆ, ಸದ್ದು ಎಂದೆಲ್ಲ ಊಹಿಸಬೇಡಿ. ಕಬ್ಬಿಣದ ಎರಡು ಚೌಕಟ್ಟು, ಒಂದೊಂದಕ್ಕೂ ಮರವನ್ನು ಬಳಸಿ ಬರುವ ಉಕ್ಕಿನ ಹಗ್ಗ, ಮೇಲೆ ಕೈಗೆ ಒಂದು ಹಿಡಿ, ಕೆಳಗೆ ಕಾಲಿಗೆ ಒಂದು ಮೆಟ್ಟು. ನನ್ನ ಮೈಯೆಂದರೆ ಇಷ್ಟೇ. ಒಂದು ಚೌಕಟ್ಟನ್ನು ಮೇಲೆತ್ತುವಾಗ ಹತ್ತುವವರ ಪೂರ್ತಿ ಭಾರ ಇನ್ನೊಂದರ ಮೇಲೆ ಇರುತ್ತದೆ. ಹಾಗಾಗಿ ಮನುಷ್ಯರ ಮನಸ್ಸು ನನಗೆ ಅವರ ಪಾದದಿಂದಲೇ ತಿಳಿಯುತ್ತದೆ.

ಕಿನ್ನಿಗೋಳಿಯ ಪಾಸ್ಕಲ್ ಪಿಂಟೊ ಅವರ ವೆಲ್ಡಿಂಗ್ ಶಾಪಿನಲ್ಲಿ ನಾನು ಹುಟ್ಟಿದೆ. ಅವರು ಹೆಚ್ಚಾಗಿ ಮಾಡುತ್ತಿದ್ದದ್ದು ಗೇಟು ಮತ್ತು ಕಿಟಕಿಯ ಸರಳು. ನವಿಲಿನ ಚಿತ್ರವಿದ್ದ ಒಂದು ಗೇಟಿನ ಪಕ್ಕದಲ್ಲಿ ನನ್ನನ್ನು ಒರಗಿಸಿಟ್ಟಾಗ ನಾನೂ ಯಾರದೋ ಮನೆಯ ಮುಂದೆ ನಿಲ್ಲುವವನೆಂದೇ ತಿಳಿದಿದ್ದೆ. ಆದರೆ ಪಾಸ್ಕಲ್ ನನ್ನನ್ನು ಅಂಗಡಿಯೆದುರಿನ ತೆಂಗಿಗೆ ಕಟ್ಟಿ, ತಾವೇ ಎರಡಾಳು ಎತ್ತರ ಹತ್ತಿ ಇಳಿದರು. ಆಗ ನನ್ನ ಕೆಲಸ ಏನೆಂದು ಗೊತ್ತಾಯಿತು.

ನನ್ನನ್ನು ಕೊಂಡವರು ಶ್ರೀಪತಿ ರಾಯರು. ಊರಲ್ಲಿ ಮರ ಹತ್ತುವವರು ಸಿಗುತ್ತಿರಲಿಲ್ಲ, ಅವರ ತೋಟದಲ್ಲಿ ಒಣಗಿದ ಕಾಯಿ ತಾನಾಗಿ ಉದುರಿ ಮನೆಯ ಹಂಚು ಒಡೆಯುತ್ತಿತ್ತು. ತಾವೇ ಹತ್ತುತ್ತೇನೆಂದು ಪಂಚೆ ಎತ್ತಿ ಕಟ್ಟಿ ಬಂದರು. ಒಂದಾಳೆತ್ತರಕ್ಕೆ ಹೋದ ಮೇಲೆ ಹೆಂಡತಿಯನ್ನು ಕರೆದರು. ಅವರು ಬಂದು ಗಂಡನ ಕಾಲು ಹಿಡಿದುಕೊಂಡ ಮೇಲೆಯೇ ರಾಯರು ಇಳಿದದ್ದು. ಅಂದಿನಿಂದ ನಾನು ಬಚ್ಚಲ ಮನೆಯ ತೊಲೆಯಲ್ಲಿ ತೂಗಿಕೊಂಡು ಹಂಡೆಯ ಹೊಗೆ ಕುಡಿಯುತ್ತ ಉಳಿದೆ.

ಅಲ್ಲಿಗೇ ಜಲಜಾಕ್ಷಿ ಬಂದಳು. ರಾಯರ ತೋಟದಲ್ಲಿ ಬಿದ್ದ ತೆಂಗಿನ ಗರಿಯ ಮಡಲು ಹೆಕ್ಕಲು, ಸೌದೆ ಒಟ್ಟಲು ದಿನಗೂಲಿಗೆ ಬಂದವಳು. ಹದಿನೆಂಟು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿದ್ದಳಂತೆ. ಮೇಜಿನ ಮುಂದೆ ತಲೆ ತಗ್ಗಿಸಿ ಕೂತು ಇಡೀ ಬೀಜ, ತುಂಡು ಬೀಜ, ಕಲೆ ಬಿದ್ದ ಬೀಜ ಎಂದು ಬೇರೆ ಮಾಡುವ ಕೆಲಸ. ಅದೇ ಕೆಲಸಕ್ಕೆ ಒಂದು ದೊಡ್ಡ ಯಂತ್ರ ಬಂತು. ಆ ಮೇಜಿನ ಹೆಂಗಸರಿಗೆಲ್ಲ ಇನ್ನು ಬರುವುದು ಬೇಡ ಎಂದರು. ಫ್ಯಾಕ್ಟರಿಯ ವ್ಯಾನು ನಿಂತ ಮೇಲೂ ಅವಳು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ರಸ್ತೆ ಬದಿಗೆ ಹೋಗಿ ನಿಂತು, ನೆನಪಾಗಿ ಹಿಂದೆ ಬಂದದ್ದುಂಟು. ಇದನ್ನು ಅವಳು ರಾಯರ ಹೆಂಡತಿಗೆ ಹೇಳುತ್ತ ನಕ್ಕಳು. ನಗು ಅರ್ಧದಲ್ಲೇ ನಿಂತಿತು.

ಮುಂದೇನು ಎಂಬುದಕ್ಕೆ ಎಲ್ಲರ ಹತ್ತಿರವೂ ಉತ್ತರವಿತ್ತು, ಅವಳ ಹತ್ತಿರ ಮಾತ್ರ ಇರಲಿಲ್ಲ. ಗಂಡ ಉಮಾನಾಥ ಯಾರದೋ ಸಾಮಾನಿನ ಟೆಂಪೊ ಓಡಿಸುವವನು. ಮನೆಯಲ್ಲೇ ಕೂತು ಬೀಡಿ ಕಟ್ಟು ಎಂದನಂತೆ. ಅತ್ತೆ ಕಮಲಕ್ಕ ಒಂದು ದನ ತರುವ ಎಂದರಂತೆ. ರಾಯರ ಹೆಂಡತಿ ಹೊಲಿಗೆ ಕಲಿ ಎಂದರು. ಫ್ಯಾಕ್ಟರಿಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಲಿಲ್ಲಿಬಾಯಿ ಮಂಗಳೂರಿಗೆ ಹೋಮ್ ನರ್ಸ್ ಆಗಿ ಹೊರಟಿದ್ದಳು. ಜೊತೆಗೆ ಬಾ, ಸೋಮವಾರದೊಳಗೆ ಹೇಳು ಎಂದಿದ್ದಳು. ಜಲಜಾಕ್ಷಿ ಎಲ್ಲರಿಗೂ ಹೌದು ಎಂದಳು. ರಾತ್ರಿ ನಿದ್ದೆ ಬರುವುದಿಲ್ಲ ಅಕ್ಕಾ ಎಂದು ಸೌದೆ ಜೋಡಿಸುತ್ತ ಹೇಳಿದಳು. ತಲೆ ಎತ್ತಿದಾಗ ನನ್ನನ್ನು ಕಂಡಳು.

ಇದನ್ನು ನನಗೆ ಕೊಡುತ್ತೀರಾ ಎಂದು ರಾಯರನ್ನು ಕೇಳಿದಳು. ರಾಯರು ತಾವೇ ನನ್ನನ್ನು ತೊಲೆಯಿಂದ ಇಳಿಸಿದರು.

"ಬೇಕಾದ್ರೆ ತಕ್ಕೊಂಡು ಹೋಗು. ಬಿದ್ರೆ ಮಾತ್ರ ನನ್ನ ಹೆಸರು ಹೇಳ್ಬೇಡ."

ಅವಳ ಮನೆಯ ಜಗಲಿಯಲ್ಲಿ ನನ್ನನ್ನು ಇಳಿಸಿದಾಗ ಉಮಾನಾಥ ಮೊದಲು ನಕ್ಕ. ಅವಳು ನಗದಿದ್ದಾಗ ಅವನೂ ನಿಲ್ಲಿಸಿದ. ಹೆಂಗಸು ಹತ್ತಿದ ಮರ ಕಾಯಿ ಬಿಡುವುದಿಲ್ಲ ಎಂದರು ಕಮಲಕ್ಕ. ಜಲಜಾಕ್ಷಿ ಗಂಡನ ಹಳೆಯ ಪ್ಯಾಂಟು, ತುಂಬು ತೋಳಿನ ಅಂಗಿ ಹಾಕಿಕೊಂಡು ಹಿತ್ತಲ ಮರದಲ್ಲಿ ಮೊಣಕಾಲೆತ್ತರ ಹತ್ತಿದಳು, ಇಳಿದಳು. ಮರುದಿನ ಸೊಂಟದೆತ್ತರ. ಆಮೇಲೆ ಮನೆಯ ಮಾಡಿನ ಎತ್ತರ. ಅವಳ ಪಾದ ಮೊದಲು ನನ್ನ ಮೇಲೆ ಒಂದು ಕಲ್ಲಿನ ಹಾಗೆ ಕೂರುತ್ತಿತ್ತು. ಬರಬರುತ್ತ ಸ್ವಲ್ಪ ಸಡಿಲವಾಯಿತು. ಆದರೂ ಪ್ರತಿ ಸಲ ಇಳಿದ ಮೇಲೆ ಅವಳು ಅಂಗೈ ನೋಡಿಕೊಂಡು, ಇದನ್ನೇ ಮಾಡುವುದಾ, ಅಲ್ಲ ಲಿಲ್ಲಿಬಾಯಿಯ ಜೊತೆ ಹೋಗುವುದಾ ಎಂದು ತನ್ನಷ್ಟಕ್ಕೇ ಕೇಳಿಕೊಳ್ಳುತ್ತಿದ್ದಳು.

ಶನಿವಾರ ಬೆಳಿಗ್ಗೆ ನನ್ನನ್ನು ಹೊತ್ತು ರಾಯರ ತೋಟಕ್ಕೆ ಹೋದಳು. ಕೆರೆಯ ಬದಿಯ ಎತ್ತರದ ಮರವನ್ನೇ ಆರಿಸಿದಳು. ಸಣ್ಣ ಮರ ಸಾಕು ಎಂದರು ರಾಯರು. ಸಣ್ಣದರಲ್ಲಿ ಎಂತ ಗೊತ್ತಾಗ್ತದೆ ಎಂದಳು.

ತೆಂಗಿನ ಮರ ಬುಡದಲ್ಲಿ ದಪ್ಪ, ಮೇಲೆ ಹೋದ ಹಾಗೆ ಸಪೂರ. ಅದಕ್ಕಾಗಿ ನನ್ನಲ್ಲಿ ಸಾಲು ತೂತುಗಳಿವೆ. ನಡುವೆ ನಿಂತು ಪಿನ್ನು ತೆಗೆದು ಮುಂದಿನ ತೂತಿಗೆ ಹಾಕಿ ಹಗ್ಗ ಬಿಗಿ ಮಾಡಿಕೊಳ್ಳಬೇಕು. ಹಿತ್ತಲಲ್ಲಿ ಮಾಡಿನೆತ್ತರ ಮಾತ್ರ ಹತ್ತಿದವಳಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಮರದ ಅರ್ಧ ದಾಟುವಾಗ ನನ್ನ ಎಡಭಾಗದ ಹಗ್ಗ ಸಡಿಲವಾಯಿತು. ಮೆಟ್ಟು ಮುಂದಕ್ಕೆ ವಾಲಿತು. ಅವಳ ಎಡಗಾಲು ಜಾರಿ, ಮೆಟ್ಟಿಗೆ ಪಾದ ಬಿಗಿಯುವ ಪಟ್ಟಿಯಲ್ಲಿ ಸಿಕ್ಕಿಕೊಂಡು ನಿಂತಿತು.

ನಾನು ಹಲ್ಲು ಕಚ್ಚಿ ಹಿಡಿದೆ. ಬಲದ ಚೌಕಟ್ಟಿನ ಮೇಲೆ ಅವಳ ಇಡೀ ದೇಹ. ಅವಳು ಮರವನ್ನು ತಬ್ಬಿಕೊಂಡಳು. ಕೆನ್ನೆ ಮರಕ್ಕೆ ಒತ್ತಿತ್ತು, ಕಣ್ಣು ಮುಚ್ಚಿತ್ತು. ಕಾಲಿನ ನಡುಕ ನನ್ನ ಬೆಸುಗೆಯ ಗಂಟುಗಳಲ್ಲೆಲ್ಲ ಹರಿಯಿತು. ಕೆರೆಯ ಮೇಲಿನಿಂದ ಗಾಳಿ ಬಂತು. ಮರ ಒಂದು ಬದಿಗೆ ತೂಗಿ ಮತ್ತೆ ಬಂತು.

ಕೆಳಗೆ ಮಾತು ಶುರುವಾಯಿತು. ಇಳಿ ಎಂದರು ರಾಯರು. ಅಲ್ಲೇ ಇರು, ಅಲುಗಬೇಡ ಎಂದರು ಅವರ ಹೆಂಡತಿ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಮೇಲೆ ಹೋಗಿ ಗರಿ ಹಿಡಿದುಕೊಳ್ಳುವುದೇ ಸುಲಭ ಎಂದರು. ಇನ್ನೊಬ್ಬರು ಅಗ್ನಿಶಾಮಕದವರಿಗೆ ಫೋನು ಮಾಡಲು ಹೊರಟರು. ಉಮಾನಾಥನ ಟೆಂಪೊ ಬಂತು. ಅವನು ಕೆಳಗಿನಿಂದ ಬೈದ, ಬೇಡಿಕೊಂಡ, ಮತ್ತೆ ಬೈದ. ಒಂದೊಂದು ಮಾತು ಮೇಲೆ ಬಂದಾಗಲೂ ಅವಳ ಕಾಲು ಇನ್ನಷ್ಟು ನಡುಗಿತು. ಎಲ್ಲರೂ ಒಟ್ಟಿಗೆ ದಾರಿ ಹೇಳುವಾಗ ಮನುಷ್ಯರಿಗೆ ಹೀಗಾಗುತ್ತದೆಂದು ನನಗೆ ಅಂದು ತಿಳಿಯಿತು.

ಸುದ್ದಿ ಕೇಳಿ ಲಿಲ್ಲಿಬಾಯಿ ಓಡಿ ಬಂದಳು. ಗಟ್ಟಿ ಮೈಯ ಹೆಂಗಸು, ಏದುಸಿರು ಬಿಡುತ್ತಿದ್ದಳು. ಉಳಿದವರನ್ನೆಲ್ಲ ಹಿಂದೆ ಸರಿಸಿ ಮರದ ಬುಡಕ್ಕೆ ಬಂದು ನಿಂತಳು. ಕೂಗಲಿಲ್ಲ.

"ಜಲಜ, ಯಾವ ಕಾಲು ನಡುಗುದು?"

ಜಲಜಾಕ್ಷಿ ಕಣ್ಣು ತೆರೆದು ಕಾಲಿನ ಕಡೆ ನೋಡಿದಳು.

"ಎಡದ್ದು."

"ಹಾಗಾದ್ರೆ ಬಲದ್ದು ಸರಿ ಉಂಟು. ಎಡಗಾಲನ್ನು ಮೆಲ್ಲ ಮೆಟ್ಟಿನ ಮೇಲೆ ಇಡು. ಒಂದು ಗೇಣು ಇಳಿಸು. ಅಷ್ಟೇ. ಆಮೇಲೆ ನೋಡುವ."

ಒಂದು ಗೇಣು ಇಳಿದಳು. ಇನ್ನೊಂದು ಗೇಣು. ಮರ ಮತ್ತೆ ದಪ್ಪವಾಗುವಲ್ಲಿ ನನ್ನ ಎಡಭಾಗಕ್ಕೆ ಹಿಡಿತ ಸಿಕ್ಕಿತು. ಆಗ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನೆಲ ಮುಟ್ಟಿದ ಮೇಲೆ ಬುಡದಲ್ಲೇ ಕೂತಳು. ರಾಯರ ಹೆಂಡತಿ ಕೊಟ್ಟ ಬೆಲ್ಲದ ನೀರು ಅವಳ ಅಂಗಿಯ ಮೇಲೆಲ್ಲ ಚೆಲ್ಲಿತು. ಉಮಾನಾಥ ನನ್ನನ್ನು ಟೆಂಪೊದ ಹಿಂದಕ್ಕೆ ಎಸೆದ. ಇನ್ನು ಇದನ್ನು ಮುಟ್ಟಿದರೆ ನೋಡು ಎಂದ.

ಭಾನುವಾರ ಜಗಲಿಯಲ್ಲಿ ನನ್ನ ಪಕ್ಕಕ್ಕೆ ಒಂದು ಚೀಲ ಬಂದು ಕೂತಿತು. ಅದರಲ್ಲಿ ಅವಳ ಸೀರೆಗಳಿದ್ದವು. ಸಂಜೆ ಅವಳು ಚೀಲದಿಂದ ಎರಡು ಸೀರೆ ಹೊರಗೆ ತೆಗೆದಳು, ಸ್ವಲ್ಪ ಹೊತ್ತು ಕೂತು ಮತ್ತೆ ಒಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಲಿಲ್ಲಿಬಾಯಿ ಅಂಗಳದಲ್ಲಿ ನಿಂತು ಕರೆದಳು. ಜಲಜಾಕ್ಷಿ ಚೀಲ ಎತ್ತಿಕೊಂಡು ಹೋದಳು.

ಇಡೀ ಮಳೆಗಾಲ ನಾನು ಜಗಲಿಯ ಮೂಲೆಯಲ್ಲಿದ್ದೆ. ಎರಚಲು ಬಡಿದು ಮೈಗೆ ತುಕ್ಕು ಹಿಡಿಯಿತು. ಒಂದು ದಿನ ಗುಜರಿಯವನು ಬಂದಾಗ ಕಮಲಕ್ಕ ನನ್ನನ್ನು ತೋರಿಸಿದರು. ಅವನು ನನ್ನನ್ನು ಎತ್ತಿ ತೂಕ ನೋಡಿಯೂ ಆಗಿತ್ತು. ಅಷ್ಟರಲ್ಲಿ ಊಟಕ್ಕೆ ಬಂದ ಉಮಾನಾಥ, ಅದು ಅಲ್ಲಿರಲಿ ಎಂದ.

"ಮನೆಯಲ್ಲಿ ಅದು ಎಂತಕ್ಕೆ?" ಎಂದು ಕಮಲಕ್ಕ ಕೇಳಿದರು.

"ಅವಳು ಬಂದು ಕೇಳಿದ್ರೆ ನಾನು ಎಂತ ಹೇಳುದಮ್ಮ?"

ಚೌತಿ ಕಳೆದ ಮೇಲೆ ಅವಳು ಬಂದಳು. ಅವಳು ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡಿದ್ದರು. ಹೋಮ್ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯವರು ಇನ್ನೊಂದು ಮನೆ ಗೊತ್ತು ಮಾಡಿ, ಬರುತ್ತೀಯಾ ಇಲ್ಲವಾ ಎಂದು ಬೆಳಿಗ್ಗೆಯೂ ಸಂಜೆಯೂ ಫೋನು ಮಾಡುತ್ತಿದ್ದರು. ನಾಳೆ ಹೇಳುತ್ತೇನೆ ಎಂದು ಅವಳು ದಿನ ದೂಡಿದಳು. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಫೋನು ಸದ್ದು ಮಾಡಿದಾಗಲೆಲ್ಲ ಮೂವರೂ ಊಟದ ಕೈ ನಿಲ್ಲಿಸುತ್ತಿದ್ದರು. ಕಡೆಗೆ ಒಂದು ಸಂಜೆ ಉಮಾನಾಥನೇ ಜಗಲಿಯಲ್ಲಿ ಕೇಳಿದ, ಅಲ್ಲಿ ಕಷ್ಟವಾಯಿತಾ ಎಂದು.

"ಕೆಲಸ ಕೆಟ್ಟದ್ದಲ್ಲ. ಜನ ಒಳ್ಳೆಯವ್ರು. ಆದ್ರೆ ಆ ಮುದುಕಿಯ ಕೋಣೆಯ ಕಿಟಕಿಯಿಂದ ಒಂದು ತೆಂಗಿನ ಮರದ ತಲೆ ಕಾಣ್ತಿತ್ತು. ಅವರಿಗೆ ಗಂಜಿ ಕುಡಿಸುವಾಗೆಲ್ಲ ಅದನ್ನೇ ನೋಡುದು. ನನಗೆ ಅದು ಆಗುದೇ ಇಲ್ವಾ, ಅಲ್ಲ ಆವತ್ತೊಂದು ದಿನ ಆಗ್ಲಿಲ್ವಾ? ಅದು ಗೊತ್ತಾಗದೆ ನಾನು ಯಾರ ಮನೆಗೆ ಹೋದ್ರೂ ಅರ್ಧವೇ ಹೋಗುದು."

ಉಮಾನಾಥ ಮರುದಿನ ಬೆಳಿಗ್ಗೆ ಸೀಮೆಎಣ್ಣೆ, ಹಳೆಯ ಬನಿಯನು ತಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ತುಕ್ಕು ಉಜ್ಜಿದ. ಪಟ್ಟಿ ಬದಲಿಸಿದ. ಪಿನ್ನುಗಳಿಗೆ ಎಣ್ಣೆ ಬಿಟ್ಟು ಒಂದೊಂದನ್ನೂ ತೆಗೆದು ಹಾಕಿ ನೋಡಿದ. ಜಲಜಾಕ್ಷಿ ಬಾಗಿಲಲ್ಲಿ ನಿಂತು ನೋಡಿದಳು.

"ಕೆಳಗೆ ನಿಲ್ಲುದಾದ್ರೆ ಬಾಯಿ ಮುಚ್ಚಿ ನಿಲ್ಬೇಕು" ಎಂದಳು.

ಅವನು ತಲೆಯಾಡಿಸಿದ.

ಅದೇ ಮರ. ರಾಯರು ಹೆಂಡತಿಯನ್ನು ಕರೆದುಕೊಂಡು ಮನೆಯೊಳಗೆ ಹೋದರು, ನೋಡಲು ಧೈರ್ಯ ಸಾಲದು ಎಂದು. ಉಮಾನಾಥ ಬುಡದಲ್ಲಿ ಎರಡೂ ಕೈಗಳನ್ನು ಮರಕ್ಕೆ ಒತ್ತಿ, ಕತ್ತು ಮೇಲೆತ್ತಿ ನಿಂತ. ಮರ ಅವನ ಮೇಲೆಯೇ ನಿಂತಿದೆ ಎಂಬಂತಿತ್ತು.

ಅರ್ಧಕ್ಕೆ ಬಂದಾಗ ಅವಳು ನಿಂತಳು. ಎಡಗಾಲು ನಡುಗಿತು. ಹೋದ ಸಲದಷ್ಟೇ ನಡುಗಿತು, ಕಮ್ಮಿಯೇನಲ್ಲ. ಅದನ್ನು ನಾನಲ್ಲದೆ ಬೇರೆ ಯಾರು ಹೇಳಬೇಕು? ಕೆಳಗಿನಿಂದ ಒಂದೂ ಮಾತು ಬರಲಿಲ್ಲ. ಅವಳು ಬಲಗಾಲಿನ ಮೇಲೆ ಭಾರ ಹಾಕಿ, ಎಡಗಾಲನ್ನು ಮೆಲ್ಲ ಬಿಡಿಸಿ, ಬಗ್ಗಿ ಪಿನ್ನು ಹಿಡಿದಳು. ಬೆರಳು ಬೆವರಿತ್ತು, ಪಿನ್ನು ಜಾರಿತು. ದಾರದಲ್ಲಿ ಕಟ್ಟಿದ್ದರಿಂದ ಕೆಳಗೆ ಬೀಳಲಿಲ್ಲ. ಅಂಗಿಗೆ ಕೈ ಒರೆಸಿಕೊಂಡು ಮತ್ತೆ ಹಿಡಿದಳು. ಮುಂದಿನ ತೂತಿಗೆ ಹಾಕಿದಳು. ಹಗ್ಗ ಮರವನ್ನು ಕಚ್ಚಿತು. ಮೆಟ್ಟು ನೆಟ್ಟಗಾಯಿತು. ಬಲದ್ದನ್ನೂ ಹಾಗೆಯೇ ಬಿಗಿ ಮಾಡಿದಳು. ಆಮೇಲೆ ಕೆಳಗೆ ನೋಡದೆ ಹತ್ತಿದಳು.

ತುದಿ ಮುಟ್ಟಿದಾಗ ಅವಳು ಅಳಲಿಲ್ಲ, ನಗಲೂ ಇಲ್ಲ. ಒಂದು ಮಡಲು ಹಿಡಿದುಕೊಂಡು, "ಇಲ್ಲಿ ಇರುವೆ ಉಂಟು" ಎಂದಳು. ಸೊಂಟದ ಕತ್ತಿ ತೆಗೆದು ಒಂದು ಗೊನೆ ಕಡಿದಳು. ಅದು ಬಿದ್ದ ಸದ್ದಿಗೆ ರಾಯರು ಹೊರಗೆ ಓಡಿ ಬಂದರು. ಬಿದ್ದದ್ದು ಕಾಯಿ ಎಂದು ಕಂಡ ಮೇಲೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು.

ಏಜೆನ್ಸಿಗೆ ಅವಳು ಬರುವುದಿಲ್ಲವೆಂದು ಹೇಳಿ, ನನ್ನನ್ನು ಹೊತ್ತು ಊರಿನ ತೋಟಗಳಿಗೆ ಕೂಲಿಗೆ ಹೋಗತೊಡಗಿದಳು. ಆ ಒಂದು ಮರದಿಂದ ಅವಳಿಗೆ ಎಲ್ಲ ಖಚಿತವಾಯಿತೆಂದು ಹೇಳಿದರೆ ಸುಳ್ಳಾದೀತು. ಮಳೆಗಾಲದಲ್ಲಿ ಮರ ಜಾರುತ್ತದೆ. ಆ ತಿಂಗಳುಗಳಲ್ಲಿ ಅವಳು ಬೀಡಿ ಕಟ್ಟುತ್ತ, ತಪ್ಪು ಮಾಡಿದೆನಾ ಎಂದು ಗಂಡನನ್ನು ಕೇಳಿದ್ದುಂಟು. ಹೆಂಗಸು ಹತ್ತುವುದು ಬೇಡವೆಂದು ಗೇಟಿನಿಂದಲೇ ಕಳಿಸಿದವರಿದ್ದರು. ಮರುವರ್ಷ ಬೇರೆ ಯಾರೂ ಸಿಗದೆ ಅವರೇ ಫೋನು ಮಾಡಿದರು. ಅವಳು ಹೋದಳು. ಕಮಲಕ್ಕ ಮಾತ್ರ ಹಿತ್ತಲ ಮರದ ಕಾಯಿಗಳ ಮೇಲೆ ಎರಡು ವರ್ಷ ಕಣ್ಣಿಟ್ಟಿದ್ದರು. ಮರ ಎಂದಿನಂತೆ ಕಾಯಿ ಬಿಟ್ಟಿತು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ.

ಹೀಗೆ ತುಂಬಾ ವರ್ಷ ದುಡಿದೆ. ನನ್ನ ಬೆಸುಗೆ ಒಮ್ಮೆ ಬಿಟ್ಟಿತು. ಪಾಸ್ಕಲ್ ಕೂಡಿಸಿಕೊಟ್ಟು, ಇನ್ನೊಮ್ಮೆ ಬಿಟ್ಟರೆ ನಂಬಬೇಡಿ ಎಂದರು. ಆಮೇಲೆ ಸೀಟು, ಬೆಲ್ಟು ಇರುವ ಹೊಸದೊಂದು ಬಂತು. ನನ್ನನ್ನು ಕಟ್ಟಿಗೆ ಕೊಟ್ಟಿಗೆಯ ಗೋಡೆಗೆ ತೂಗಿಹಾಕಿದರು. ನನ್ನ ಬಲದ ಮೆಟ್ಟಿನ ಮೇಲೆ ಈಗ ಒಂದು ಹೇಂಟೆ ಕೋಳಿ ಕೂರುತ್ತದೆ. ಅದರ ಪಾದದಲ್ಲಿ ಚಿಂತೆ ಇಲ್ಲ.

ಮೊನ್ನೆ ಜಲಜಾಕ್ಷಿ ಕೊಟ್ಟಿಗೆಗೆ ಬಂದು ಸೌದೆ ಕೊರಡಿನ ಮೇಲೆ ಕೂತಳು. ಮೊಣಕಾಲಿಗೆ ಬಟ್ಟೆ ಸುತ್ತಿತ್ತು. ಇನ್ನು ಮರ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಉಮಾನಾಥ ಹಿಂದೆಯೇ ಬಂದು ಬಾಗಿಲಿಗೆ ಒರಗಿ ನಿಂತ. ಅವನ ತಲೆ ನರೆತಿದೆ.

"ಇನ್ನು ಎಂತ ಮಾಡ್ತಿ?" ಎಂದು ಕೇಳಿದ.

ನನ್ನ ಹಳೆಯ ಗಂಟುಗಳು ಬಿಗಿದವು. ಹಿಂದೆ ಈ ಪ್ರಶ್ನೆಗೆ ಅವಳ ಇಡೀ ಮೈ ನಡುಗಿದ್ದನ್ನು ಹೊತ್ತವನು ನಾನು.

"ಗೊತ್ತಿಲ್ಲ" ಎಂದಳು ಅವಳು, ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಹೇಳುವಷ್ಟೇ ಸಲೀಸಾಗಿ. "ನೋಡುವ. ನೀವು ಈಗ ನನ್ನನ್ನು ಎಬ್ಬಿಸಿ, ಕಾಲು ಜೋಮು ಹಿಡಿದಿದೆ."

ಅವನು ಕೈ ಕೊಟ್ಟ. ಇಬ್ಬರೂ ಮೆಲ್ಲಗೆ ಮನೆಯ ಕಡೆ ಹೋದರು.

ನಾನು ಕಬ್ಬಿಣ. ನಾನು ಏನಾಗಬೇಕೆಂಬುದು ಬೆಂಕಿಯಲ್ಲೇ ತೀರ್ಮಾನವಾಯಿತು, ನನ್ನನ್ನು ಯಾರೂ ಕೇಳಲಿಲ್ಲ. ಮನುಷ್ಯರನ್ನು ಬದುಕು ಮತ್ತೆ ಮತ್ತೆ ಕೇಳುತ್ತದೆ. ಅದು ಅವರ ಕಷ್ಟವೆಂದೇ ಬಹಳ ಕಾಲ ಎಣಿಸಿದ್ದೆ. ಈಗ ಈ ಗೋಡೆಯ ಮೇಲೆ ತೂಗುತ್ತ, ಅವಳು ಕುಂಟುತ್ತ ಹೋದ ದಾರಿಯನ್ನು ನೋಡುವಾಗ, ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.