ಐವತ್ತು ಸಾವಿರದ ಊಟ

ಜಮಖಂಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೋಮವ್ವನ ಖಾನಾವಳಿ. ಎಂಬತ್ತು ರೂಪಾಯಿಗೆ ಹೊಟ್ಟೆ ತುಂಬ ಊಟ. ಎಷ್ಟು ರೊಟ್ಟಿ ತಿಂದಿರಿ ಎಂದು ಯಾರೂ ಕೇಳುವುದಿಲ್ಲ. ಹದಿನೆಂಟು ವರ್ಷದಿಂದ ಒಲೆಯ ಈಚೆ ಸೋಮವ್ವ, ಆಚೆ ಯಲ್ಲವ್ವ ಕೂತು ರೊಟ್ಟಿ ಬಡಿಯುತ್ತ ಬಂದಿದ್ದಾರೆ. ಯಲ್ಲವ್ವನಿಗೆ ದಿನದ ಪಗಾರ ಉಂಟು. ಅದಲ್ಲದೆ, ಉಂಡವರು ಖುಷಿಯಾಗಿ ಊಟದ ದರದ ಮೇಲೆ ಏನೇ ಕೊಟ್ಟರೂ ಅದು ಇಬ್ಬರಿಗೂ ಅರ್ಧರ್ಧ. ಒಲೆಯ ಮುಂದಿನ ಈ ಕಟ್ಟಳೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಒಮ್ಮೆಯೂ ಅದು ತಪ್ಪಿರಲಿಲ್ಲ. ಹತ್ತು ರೂಪಾಯಿ ಬಂದರೂ ಐದು ಆಚೆ, ಐದು ಈಚೆ.

ಇಂಥ ಗೆಳೆತನಕ್ಕೆ ಕಲ್ಲು ಹಾಕಿದವನು ಸಿನಿಮಾದ ಹೀರೋ ವಜ್ರಕಾಂತ.

ಆತ ಸಿನಿಮಾಕ್ಕಿಂತ ಊಟಕ್ಕೇ ಹೆಸರಾದವನು. ದುಬೈನಲ್ಲಿ ಬಂಗಾರದ ಹಾಳೆ ಹೊದಿಸಿದ ಮಾಂಸ ತಿಂದು ಮೂರು ಲಕ್ಷ ಬಿಲ್ಲು ಕೊಟ್ಟನಂತೆ. ಮುಂಬಯಿಯಲ್ಲಿ ಬರೀ ಕುಡಿಯುವ ನೀರಿಗೆ ಎಂಟು ಸಾವಿರವಂತೆ. ಉಂಡಾದ ಮೇಲೆ ಬಿಲ್ಲನ್ನು ಕ್ಯಾಮೆರಾದ ಮುಂದೆ ಹಿಡಿದು ಹಲ್ಲು ಕಿರಿಯುವುದೇ ಅವನ ವಿಡಿಯೋಗಳ ಸಾರ. ದೇವರು ಕೆಲವರಿಗೆ ಹಸಿವೆ ಕೊಟ್ಟ, ಕೆಲವರಿಗೆ ಕ್ಯಾಮೆರಾ ಕೊಟ್ಟ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಭೀಮಶಿ ಊಟಕ್ಕೆ ಕೂತಾಗೆಲ್ಲ ಅವನ್ನು ಮೊಬೈಲಿನಲ್ಲಿ ತೋರಿಸಿ ನಗುತ್ತಿದ್ದ.

“ಸೋಮಕ್ಕಾ, ಎರಡೂವರಿ ಎಕರೆ ಕಬ್ಬಿನ ರೊಕ್ಕ ಒಂದ ಹೊತ್ತಿಗೆ ನುಂಗ್ಯಾನ ನೋಡ ಇಂವಾ. ತೇಗರೆ ಬಂತೋ ಇಲ್ಲೋ!”

ಆ ವಜ್ರಕಾಂತ ಹಿಪ್ಪರಗಿ ಬ್ಯಾರೇಜಿನಲ್ಲಿ ಶೂಟಿಂಗಿಗೆಂದು ಬಂದವನು ಒಂದು ಮಧ್ಯಾಹ್ನ ನಾಲ್ಕು ಕಾರು ಕಟ್ಟಿಕೊಂಡು ಖಾನಾವಳಿಗೇ ಇಳಿದ. ಯಲ್ಲವ್ವ ಅಂದು ತಂಗಿಯ ಬಸುರಿ ಮಗಳ ಕುಬಸಕ್ಕೆ ರನ್ನ ಬೆಳಗಲಿಗೆ ಹೋಗಿದ್ದಳು. ಹೀರೋನ ಕಾವಲಿನ ಗಟ್ಟಿ ಆಳುಗಳು ಗಿರಾಕಿಗಳನ್ನು ಅರ್ಧ ಊಟದಿಂದ ಎಬ್ಬಿಸಿ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಸೋಮವ್ವನಿಗೆ ಮೈ ಉರಿಯಿತು. ಉಣ್ಣುವವರನ್ನು ಎಬ್ಬಿಸುವುದೆಂದರೇನು? ಆದರೆ ಹೀರೋ ಬಂದವನೇ “ಅವ್ವಾ” ಎಂದು ಕಾಲು ಮುಟ್ಟಿದ. ಮುಟ್ಟಿದ್ದೇ ತಡ, ಈಕೆಯ ಸಿಟ್ಟೆಲ್ಲ ಬೆಣ್ಣೆಯಾಗಿ ಹೋಯಿತು. ತನ್ನ ಬುದ್ಧಿಗೆ ಆ ಗಳಿಗೆಯಲ್ಲಿ ಮಂಕು ಬಡಿದಿತ್ತು ಎಂದು ಆಮೇಲೆ ಆಕೆ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಹನ್ನೊಂದು ಜನ ಉಂಡರು. ಕೊನೆಗೆ ಹೀರೋ ಐನೂರರ ನೋಟಿನ ಒಂದು ಕಟ್ಟನ್ನು ಆಕೆಯ ಕೈಯಲ್ಲಿಟ್ಟು, “ಐವತ್ತು ಸಾವಿರ. ಈ ಅವ್ವನ ಕೈರುಚಿಗೆ ಇದೂ ಕಡಿಮೆಯೇ” ಎಂದ. ಸೋಮವ್ವ ನಕ್ಕಳು. ಕ್ಯಾಮೆರಾ ಆ ನಗುವನ್ನು ಹಿಡಿಯಿತು. ಕ್ಯಾಮೆರಾ ನಿಂತ ಕೂಡಲೆ ಹೀರೋನ ಮ್ಯಾನೇಜರ್ ಕಟ್ಟನ್ನು ಆಕೆಯ ಕೈಯಿಂದ ತೆಗೆದುಕೊಂಡ.

“ಅಮ್ಮಾ, ಇದು ವಿಡಿಯೋಗೆ ಅಷ್ಟೇ. ನಿಮಗೆ ಎಂಥಾ ಪ್ರಚಾರ ಸಿಗುತ್ತೆ ನೋಡ್ತಿರಿ.”

ಆಕೆ ಬಾಯಿ ತೆರೆಯುವಷ್ಟರಲ್ಲಿ ಕಾರುಗಳು ಓಣಿ ದಾಟಿದ್ದವು. ಹನ್ನೊಂದು ಊಟದ ದುಡ್ಡನ್ನೂ ಯಾರೂ ಕೊಟ್ಟಿರಲಿಲ್ಲ.

ವಿಡಿಯೋವನ್ನು ನಲವತ್ತು ಲಕ್ಷ ಜನ ನೋಡಿದರು. ಅವರಲ್ಲಿ ಯಲ್ಲವ್ವನೂ ಒಬ್ಬಳು. ಊರಿಂದ ಬಂದು ಎರಡು ದಿನ ಸುಮ್ಮನೆ ರೊಟ್ಟಿ ಬಡಿದಳು. ಸೋಮವ್ವನಿಗೆ ಮೋಸ ಹೋದದ್ದನ್ನು ಹೇಳಿಕೊಳ್ಳಲು ನಾಚಿಕೆ, ಆಕೆಯೂ ಸುಮ್ಮನಿದ್ದಳು. ಅದೇ ಎಡವಟ್ಟಾಯಿತು. ಮೂರನೆಯ ದಿನ ಯಲ್ಲವ್ವ ಹಿಟ್ಟಿನ ಕೈ ಒರೆಸಿಕೊಂಡು ಕೇಳಿಯೇ ಬಿಟ್ಟಳು.

“ಯಕ್ಕಾ, ನನ್ನ ಪಾಲಿನ ಇಪ್ಪತ್ತೈದು ಸಾವಿರ ಯಾವಾಗ ಕೊಡ್ತಿ?”

“ಯವ್ವಾ, ಆ ರೊಕ್ಕ ಅಲ್ಲೇ ಕಸಗೊಂಡು ಹೋದ್ರು ಅವ್ರು. ಬೀರೇಶ್ವರನ ಆಣಿ.”

“ಮೂರ ಲಕ್ಷದ್ದು ಉಣ್ಣಾಂವ ನಿನ್ನ ಕೈಯಾಂದು ಕಸಗೋತಾನ? ನಗಾಕತ್ತಿದ್ದ್ಯಲ್ಲ ನೀ, ನಲವತ್ತ ಲಕ್ಷ ಮಂದಿ ನೋಡ್ಯಾರ!”

ಮರುದಿನದಿಂದ ಯಲ್ಲವ್ವ ಬರಲಿಲ್ಲ. ನೀರಿನ ನಲ್ಲಿಯ ಹತ್ತಿರ, ಸಂತೆಯಲ್ಲಿ, ಸೋಮವ್ವ ಪಾಲು ನುಂಗಿದಳು ಎಂಬ ಮಾತು ಹರಿದಾಡಿತು. ಭೀಮಶಿ ಕೂಡ ಊಟದ ನಡುವೆ “ರೊಕ್ಕ ಖರೇನs ಇಲ್ಲೇನ ಅಕ್ಕಾ?” ಎಂದು ಕಣ್ಣು ಹೊಡೆದ. ಸೋಮವ್ವ ಒಬ್ಬಳೇ ರೊಟ್ಟಿ ಬಡಿದಳು. ರಟ್ಟೆ ನೋಯುತ್ತಿತ್ತು, ಅದನ್ನು ತಡೆದುಕೊಳ್ಳಬಹುದಿತ್ತು. ಒಲೆಯ ಆಚೆಯ ಖಾಲಿ ಮಣೆಯನ್ನು ನೋಡುವುದು ಮಾತ್ರ ಆಗುತ್ತಿರಲಿಲ್ಲ. ಯಲ್ಲವ್ವ ತನ್ನನ್ನು ಕಳ್ಳಿ ಎಂದುಕೊಂಡಿದ್ದಾಳೆ. ಊರೆಲ್ಲ ಅಂದರೂ ಅನ್ನಲಿ, ಆಕೆ ಅನ್ನಬಾರದು.

ತಿಂಗಳೊಪ್ಪತ್ತಿಗೆ ಮ್ಯಾನೇಜರನ ಫೋನು ಬಂತು. ಮುಧೋಳ ರಸ್ತೆಯಲ್ಲಿ ನಂದಕಿಶೋರ ಎಂಬವರ ದೊಡ್ಡ ಹೋಟೆಲಿನ ಉದ್ಘಾಟನೆಗೆ ವಜ್ರಕಾಂತ ಬರುತ್ತಾನೆ. ಅಲ್ಲಿಯ ವಿಶೇಷವೆಂದರೆ “ಸೋಮವ್ವನ ಸ್ವರ್ಣ ಥಾಳಿ”: ಜೋಳದ ರೊಟ್ಟಿಯ ಮೇಲೆ ಬಂಗಾರದ ಹಾಳೆ, ಬೆಳ್ಳಿಯ ತಾಟು, ಬೆಲೆ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ವೇದಿಕೆಯ ಮೇಲೆ ಆಕೆ ಬಂದು ನಿಲ್ಲಬೇಕು. ಒಂದು ಸೀರೆ ಕೊಡುತ್ತಾರೆ.

“ಸೀರಿ ಐತಿ ನನಗ. ಆದ್ರ ಬರ್ತೇನಿ,” ಎಂದಳು ಸೋಮವ್ವ.

ಹೋಟೆಲಿನ ಮುಂದೆ ಅರ್ಧ ಜಮಖಂಡಿ ನೆರೆದಿತ್ತು. ಜನರ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಯಲ್ಲವ್ವನೂ ನಿಂತಿದ್ದಳು. ಹೀರೋನನ್ನು ನೋಡುವ ಆಸೆಗೆ ಸಿಟ್ಟಿನ ಹಂಗಿಲ್ಲ. ವಜ್ರಕಾಂತ ಬಂಗಾರದ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟು ಕಣ್ಣು ಮುಚ್ಚಿದ. ಆಮೇಲೆ ಸೋಮವ್ವನನ್ನು ಪಕ್ಕಕ್ಕೆ ಕರೆದು, “ಈ ಅವ್ವನ ಋಣ ತೀರುವುದಲ್ಲ. ಇಗೋ, ಇನ್ನೂ ಐವತ್ತು ಸಾವಿರ” ಎಂದು ಮತ್ತೊಂದು ಕಟ್ಟನ್ನು ಕೈಯಲ್ಲಿಟ್ಟ. ಶಿಳ್ಳೆ ಬಿದ್ದವು. ಮ್ಯಾನೇಜರ್ ಬೆನ್ನ ಹಿಂದೆ ಬಂದು, “ಅಮ್ಮಾ, ಇಳಿಯುವಾಗ ನನ್ನ ಕೈಗೆ ಕೊಡಿ” ಎಂದು ಪಿಸುಗುಟ್ಟಿದ.

ಸೋಮವ್ವ ಮೈಕಿನ ಹತ್ತಿರಕ್ಕೆ ಹೋದಳು.

“ಯಲ್ಲವ್ವಾ, ಮ್ಯಾಲ ಬಾ. ನಿನ್ನ ಪಾಲು ಎಣಿಸಿ ಕೊಡ್ತೇನಿ, ಮಂದಿ ನೋಡ್ಲಿ.”

ಜನ ಹೋ ಎಂದು ನಕ್ಕು ಯಲ್ಲವ್ವನನ್ನು ಮೆಟ್ಟಿಲವರೆಗೆ ದಬ್ಬಿದರು. ಮ್ಯಾನೇಜರನ ಮುಖ ಬೆಳ್ಳಗಾಯಿತು. ಅವನು ಕೈ ಚಾಚುವಷ್ಟರಲ್ಲಿ ಸೋಮವ್ವ ಕಟ್ಟಿನ ಪಟ್ಟಿಯನ್ನು ಹರಿದೇ ಬಿಟ್ಟಳು. ಈ ಸಲ ದುಡ್ಡನ್ನು ಮರಳಿ ಕೊಡಬಾರದು, ಅರ್ಧ ಯಲ್ಲವ್ವನ ಕೈಗಿಟ್ಟೇ ವೇದಿಕೆ ಇಳಿಯಬೇಕು, ಇಷ್ಟೇ ಆಕೆಯ ಮನಸ್ಸಿನಲ್ಲಿದ್ದದ್ದು. ಮೊದಲ ನೋಟನ್ನು ಎತ್ತಿ ಯಲ್ಲವ್ವನ ಅಂಗೈಯಲ್ಲಿಟ್ಟಳು. ಅದರ ಕೆಳಗೆ ಬಿಳಿ ಹಾಳೆ. ಅದರ ಕೆಳಗೂ ಬಿಳಿ ಹಾಳೆ. ನೋಟಿನ ಅಳತೆಗೆ ಚೆನ್ನಾಗಿ ಕತ್ತರಿಸಿದ ತೊಂಬತ್ತೆಂಟು ಹಾಳೆಗಳು, ತಳಕ್ಕೆ ಮತ್ತೊಂದು ಐನೂರು.

ಮೈಕು ತೆರೆದೇ ಇತ್ತು. ಸೋಮವ್ವನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ನೆತ್ತಿಗೇರಿತು.

“ಇದನ್ನs ಕಸಗೊಂಡು ಹೋಗಿದ್ರೇನ್ರಿ ಹೋದ ಸಲ? ಹಾಳಿಗೂ ಆಶಾ ಮಾಡಿದ್ರೇನ? ಹೋಗ್ಲಿ, ನಿಮ್ಮ ಬಕ್ಷೀಸ ನನಗ ಬ್ಯಾಡ. ಹನ್ನೊಂದ ಮಂದಿ ಉಂಡೀರಿ. ಎಂಟನೂರಾ ಎಂಬತ್ತು. ಅದನ್ನ ಕೊಡ್ರಿ.”

“ಅದು… ಸಿನಿಮಾದವರು ಬಳಸೋ ಸಾಮಾನು, ಅವ್ವಾ. ತಪ್ಪಾಗಿ ಬಂದಿದೆ,” ಎಂದ ವಜ್ರಕಾಂತ. ಜೇಬು ತಡವಿಕೊಂಡ. ಮೂರು ಲಕ್ಷದ ಊಟ ಉಣ್ಣುವವನ ಜೇಬಿನಲ್ಲಿ ಮೂರು ಕಾಸಿರಲಿಲ್ಲ.

ಸೋಮವ್ವ ಯಲ್ಲವ್ವನ ಕೈಯಲ್ಲಿದ್ದದ್ದೂ ಸೇರಿ ಎರಡು ಅಸಲಿ ನೋಟುಗಳನ್ನು ಇಟ್ಟುಕೊಂಡಳು. ಸೊಂಟದ ಚೀಲ ಬಿಚ್ಚಿ ನೂರ ಇಪ್ಪತ್ತು ರೂಪಾಯಿ ಎಣಿಸಿ ಹೀರೋನ ಬೆಳ್ಳಿ ತಾಟಿನಲ್ಲಿಟ್ಟಳು.

“ಚಿಲ್ಲರ ಹಿಡೀರಿ. ನನ್ನ ಹೆಸರು ಈ ಥಾಳಿ ಮ್ಯಾಲಿಂದ ಇವತ್ತ ಅಳಸ್ರಿ. ಎಂಬತ್ತ ರೂಪಾಯಿ ಕೊಡಾಕ ಆಗದವರು ನನ್ನ ಹೆಸರ್ಲೆ ಹತ್ತ ಸಾವಿರ ಕೇಳಬಾರದು.”

ಜನ ಹೊಡೆದ ಶಿಳ್ಳೆಯ ಸದ್ದಿನಲ್ಲಿ ವಜ್ರಕಾಂತ ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ. ಹೋಟೆಲಿನ ನಂದಕಿಶೋರ ತಾವೇ ಏಣಿ ತರಿಸಿ ಥಾಳಿಯ ಹೆಸರಿನ ಹಲಗೆ ಇಳಿಸಿದರು.

ಬರುವಾಗ ಯಲ್ಲವ್ವ ಹತ್ತು ಹೆಜ್ಜೆ ಹಿಂದೆ ಬಂದಳು. ಸೋಮವ್ವ ತಿರುಗಿ ನೋಡಲಿಲ್ಲ. ಊರು ಹತ್ತಿರವಾದಾಗ ಯಲ್ಲವ್ವ ಓಡಿ ಬಂದು ತೋಳು ಹಿಡಿದಳು.

“ತಪ್ಪಾತ ಯಕ್ಕಾ. ನೀ ಅಂದದ್ದ ಖರೆ ಇತ್ತು.”

ಸೋಮವ್ವ ನಿಂತಳು. ಹೀರೋನ ಮೇಲೆ ಇದ್ದ ಸಿಟ್ಟು ಯಾವಾಗಲೋ ಇಳಿದಿತ್ತು. ಈ ಸಿಟ್ಟು ಇಳಿದಿರಲಿಲ್ಲ. ಕಣ್ಣಲ್ಲಿ ನೀರೂ ಬಂತು.

“ಆವಾಗೂ ಖರೇನ ಇತ್ತು. ಹದಿನೆಂಟ ವರ್ಷ ಹತ್ತು ರೂಪಾಯಿ ಬಂದ್ರೂ ಮುರದ ಕೊಟ್ಟೀನಿ ನಿನಗ. ನನ್ನ ಮಾತ ನಂಬಲಿಲ್ಲ ನೀ. ಖಾಲಿ ಹಾಳಿ ನೋಡಿ ನಂಬಿದಿ.”

ಯಲ್ಲವ್ವ ಹಿಡಿದ ತೋಳನ್ನು ಬಿಡಲಿಲ್ಲ.

“ನಾಳೆ ರೊಟ್ಟಿಗೆ ಬಾ,” ಎಂದಳು ಸೋಮವ್ವ, ಸೆರಗಿನಿಂದ ಮುಖ ಒರೆಸಿಕೊಂಡು. “ಮಾತಿಗೆ ಬರಬ್ಯಾಡ. ಮಾತು ನಾ ಯಾವಾಗ ಆಡ್ತೇನೋ ಆವಾಗ ಆಡ್ತೇನಿ.”

“ಹೂಂ,” ಎಂದಳು ಯಲ್ಲವ್ವ.